ಮೈ ತುಂಬದ ಮರಿ

ನಾನು ಚಿಕ್ಕವನಿದ್ದಾಗ ನಮ್ಮ ಬ್ಯಾಡರಹಳ್ಳಿಯಲ್ಲಿ ಯುಗಾದಿಗಿಂತ ಅದರ ಮಾರನೆಯ ದಿನವೇ ದೊಡ್ಡದು. ಅದಕ್ಕೆ ಹೊಸತೊಡಕು ಎನ್ನುತ್ತಿದ್ದೆವು. ಯುಗಾದಿಗೆ ಒಬ್ಬಟ್ಟು, ಹೊಸತೊಡಕಿಗೆ ಬಾಡು. ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕಡಿದು, ಮುತ್ತುಗದ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು ರೂಢಿ. ಒಬ್ಬಟ್ಟಿನ ಹೂರಣ ಕದ್ದು ತಿಂದು ಹೊಟ್ಟೆ ಕೆಟ್ಟಿದ್ದರೂ ಬಾಡಿನೂಟಕ್ಕೆ ನಾನು ಮುಂದಿನ ಸಾಲಿನಲ್ಲೇ ಕೂರುತ್ತಿದ್ದೆ.

ಆ ವರ್ಷ ಅಪ್ಪ ಸಂತೆಯಿಂದ ಎರಡು ಟಗರು ಮರಿ ತಂದರು. ಒಂದು ಕರಿಯದು, ಒಂದು ಬಿಳಿಯದು. ಒಂದು ಹೊಸತೊಡಕಿಗೆ ಎಂದರು, ಇನ್ನೊಂದರ ಮಾತೆತ್ತಲಿಲ್ಲ. ಮೇಯಿಸುವ ಬಯಲಿನಲ್ಲಿ ಆಗಲೇ ಸೈಟಿನ ಕಲ್ಲು ನೆಟ್ಟಿದ್ದರು. ಹಾಗಾಗಿ ಹಿತ್ತಲಲ್ಲೇ ಕಟ್ಟಿ, ಬೇಯಿಸಿದ ಹುರುಳಿ, ಬೂಸಾ, ಹಿಂಡಿ ಕೊಟ್ಟು ಸಾಕಬೇಕಾಯಿತು. ಆ ಕೆಲಸ ಅಕ್ಕನದು. ಬೆಂದ ಹುರುಳಿಯ ವಾಸನೆಗೆ ಮರಿಗಳಿಗಿಂತ ಮೊದಲು ನಾನೇ ಓಡುತ್ತಿದ್ದೆ.

ಬಿಳಿಯ ಮರಿ ಎಂದರೆ ಅಕ್ಕನಿಗೆ ಪ್ರಾಣ. ಅದು ಅವಳ ಲಂಗದ ತುದಿ ಚೀಪುತ್ತಾ ಹಿಂದೆಯೇ ಸುತ್ತುತ್ತಿತ್ತು. ಅಪ್ಪ ಆಗಾಗ ಮರಿಗಳ ಬೆನ್ನನ್ನು ಒತ್ತಿ ನೋಡುತ್ತಿದ್ದರು. ಮೂಳೆ ಬೆರಳಿಗೆ ಸಿಗದಿದ್ದರೆ ಮೈ ತುಂಬಿದೆ ಎಂದರ್ಥ. ಕೊಬ್ಬಿದ್ದನ್ನೇ ತಾನೇ ಕಡಿಯುವುದು ಎಂದುಕೊಂಡ ಅಕ್ಕ, ಬಿಳಿಯದರ ಪಾಲನ್ನೂ ಕರಿಯದರ ಬಾನಿಗೆ ಸುರಿಯತೊಡಗಿದಳು. ಬಿಳಿಯದಕ್ಕೆ ಒಂದು ಹಿಡಿ ಒಣಹುಲ್ಲು, ಅಷ್ಟೇ. ಅದು ಹಸಿದು ಅರಚಿದರೆ ಕುತ್ತಿಗೆ ತಬ್ಬಿ, ಇನ್ನು ಸ್ವಲ್ಪ ದಿನ ಎಂದು ಸಮಾಧಾನ ಮಾಡುತ್ತಾ ತಾನೂ ಅಳುತ್ತಿದ್ದಳು.

ಯುಗಾದಿಯ ಹೊತ್ತಿಗೆ ಕರಿಯದು ಮಿರಮಿರ ಮಿಂಚುತ್ತಿತ್ತು. ಬಿಳಿಯದರ ಪಕ್ಕೆಲುಬು ದೂರದಿಂದಲೇ ಕಾಣುತ್ತಿತ್ತು. ಹೊಸತೊಡಕಿನ ಬೆಳಿಗ್ಗೆ ಅಪ್ಪ ಕರಿಯದರ ಬೆನ್ನು ತಟ್ಟಿ, ಬಿಳಿಯದರ ಹಗ್ಗ ಬಿಚ್ಚಿದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪಾ, ದಪ್ಪಗಿರೋದು ಕರೀದಲ್ವಾ? ಇದ್ಯಾಕೆ?"

"ಅಂಥಾ ಟಗರನ್ನ ಯಾರಾದ್ರೂ ಕಡೀತಾರೇನವ್ವಾ? ಅದು ಬೀಜಕ್ಕಿರ್ಲಿ. ಇದಕ್ಕೆ ತಿಂದಿದ್ದು ಮೈಗೇ ಹತ್ತಲ್ಲ, ಇನ್ನು ಮೇವು ಹಾಕೋದು ದಂಡ."

ಮೈಕಟ್ಟು ಚೆನ್ನಾಗಿರುವ ಟಗರನ್ನು ಮುಂದಿನ ಮರಿಗಳಿಗಾಗಿ ಉಳಿಸಿಕೊಳ್ಳುತ್ತಾರೆ ಎಂಬುದು ಪಾಪ, ಅಕ್ಕನಿಗೆ ಗೊತ್ತೇ ಇರಲಿಲ್ಲ. ಬಿಳಿಯದನ್ನು ತಾನೇ ಉಪವಾಸ ಕೆಡವಿದ್ದನ್ನು ಬಿಕ್ಕುತ್ತಾ ಹೇಳಿಬಿಟ್ಟಳು. ಅಪ್ಪ ಹಗ್ಗ ಹಿಡಿದೇ ಹೊರಗೆ ನೋಡಿದರು. ಹೊರಗೆ ನೆರೆಯವರು ಪಾತ್ರೆ ಹಿಡಿದು ಕಾಯುತ್ತಿದ್ದರು. ಅಪ್ಪ ಅಕ್ಕನನ್ನು ಪಕ್ಕಕ್ಕೆ ಸರಿಸಿ ಹೊರಟರು.

ಗುಡ್ಡೆಗಳು ಚಿಕ್ಕವಾದವು. ಹಂಚಿಕೊಂಡವರು ಬರೀ ಮೂಳೆ ಎಂದು ಗೊಣಗಿದರು. ಅಮ್ಮ ಮಧ್ಯಾಹ್ನದವರೆಗೆ ಬೇಯಿಸಿದರೂ ಸಾರಿನ ಮೇಲೆ ಜಿಡ್ಡು ತೇಲಲಿಲ್ಲ, ತುಂಡು ನಾರುನಾರಾಗಿತ್ತು. ನಾನು ಮುದ್ದೆಯ ಜೊತೆ ಅದನ್ನೇ ತಿಂದೆ. ಅಕ್ಕ ಹಿತ್ತಲಿನಿಂದ ಒಳಗೆ ಬರಲೇ ಇಲ್ಲ.

ಮಕ್ಕಳೇ, ಆ ಹಿತ್ತಲಿದ್ದ ಕಡೆ ಈಗ ಬಾಡಿಗೆ ಮನೆಗಳೆದ್ದಿವೆ. ನಿಮಗೆ ಮಾಂಸ ಕವರಿನಲ್ಲಿ ಮನೆಗೇ ಬರುತ್ತದೆ. ಅದು ಯಾವ ಮರಿ, ಏನು ತಿಂದು ಬೆಳೆದಿತ್ತು ಎಂದು ನೀವು ಕೇಳುವುದಿಲ್ಲ, ಕೇಳಿದರೂ ಹೇಳುವವರಿಲ್ಲ. ಹಸಿವು ಹೇಗಿರುತ್ತದೆಂದೂ ನಿಮಗೆ ತಿಳಿಯದು. ನನ್ನ ಅಕ್ಕ, ನಿಮ್ಮ ದೊಡ್ಡಜ್ಜಿ, ಬೇಡವೆಂದರೂ ನಿಮ್ಮ ತಟ್ಟೆಗೆ ಬಡಿಸುತ್ತಲೇ ಇರುವಾಗ ನೀವು ರೇಗುತ್ತೀರಿ. ಅವಳು ನಿಲ್ಲಿಸುವುದಿಲ್ಲ, ನಾನೂ ಹೇಳಿ ಸೋತಿದ್ದೇನೆ. ನೀವು ಕೈ ತೊಳೆಯಲು ಎದ್ದು ಹೋದ ಮೇಲೆ ಅವಳು ನನ್ನ ಕಡೆ ತಿರುಗಿ ಅದೇ ಮಾತು ಹೇಳುತ್ತಾಳೆ.

"ಹೊಟ್ಟೆಗೆ ಹಾಕಿದ್ರೆ ಉಳೀತಿತ್ತು ಕಣೋ."