‘ಟೇಕ್’ ಪದದ ಡಬ್ಬ

ಬೆಳಗಿನ ಆರು ಗಂಟೆ. ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯ ಬೀಗ ತೆಗೆದು, ಎಲ್ಲರೂ ಚೀಟಿ ಮೇಡಂ ಎಂದೇ ಕರೆಯುವ ಸಂಪಾದಕಿ ಒಳಗೆ ಬರುತ್ತಾರೆ. ಕಿಟಕಿ ಪಕ್ಕದ ಮೇಜಿನ ಮೇಲೆ ಹಳೆಯ ಶೂ ಡಬ್ಬವೊಂದಿದೆ. ಅದರ ತುಂಬ ಅಂಗೈಯಗಲದ ಚೀಟಿಗಳು, ಎಲ್ಲವೂ ‘ಟೇಕ್’ ಎಂಬ ಒಂದೇ ಇಂಗ್ಲಿಷ್ ಕ್ರಿಯಾಪದದವು. ಚೀಟಿಗೊಂದು ಅರ್ಥ, ಅರ್ಥಕ್ಕೊಂದು ವಾಕ್ಯ.

“ಮಾತ್ರೆ ನುಂಗ್ತೀವಿ, ಬಸ್ ಹಿಡೀತೀವಿ, ಫೋಟೋ ತೆಗೀತೀವಿ. ಇಂಗ್ಲಿಷಿನವರಿಗೆ ಎಲ್ಲಕ್ಕೂ ಇದೊಂದೇ. ಎರಡು ವರ್ಷದಿಂದ ನನ್ನ ಜೀವ ತಿಂತಿದೆ,” ಎನ್ನುತ್ತಾರೆ. ಈವರೆಗೆ ಡಬ್ಬ ಸೇರಿದ್ದು ನಾನೂರ ಹನ್ನೆರಡು ಚೀಟಿ. ದಿನಕ್ಕೊಂದು ಪಾಸಾದರೆ ಪುಣ್ಯ.

ಪಾಸು ಮಾಡುವವರು ಕಚೇರಿಯಲ್ಲಿಲ್ಲ, ಮನೆಯಲ್ಲಿದ್ದಾರೆ. ಮೇಡಂ ಅವರ ಅಕ್ಕ ಬಟ್ಟೆ ಹೊಲಿಯುವವರು, ಇಂಗ್ಲಿಷಿನ ಗಂಧಗಾಳಿ ಇಲ್ಲ. ಸಂಜೆ ತಂಗಿ ಕನ್ನಡ ವಾಕ್ಯ ಓದುತ್ತಾರೆ, ಅಕ್ಕ ಮಿಷನ್ ತುಳಿಯುತ್ತಲೇ ಕೇಳುತ್ತಾರೆ. ಮಿಷನ್ ನಿಂತಿತೋ, ಅರ್ಥವಾಗಿಲ್ಲ ಎಂದೇ ಲೆಕ್ಕ. “ಹೀಗೆ ಯಾವ ಮನುಷ್ಯರು ಮಾತಾಡ್ತಾರೆ ಕಣೇ?” ಎಂದು ಅಕ್ಕನಿಂದ ಅನ್ನಿಸಿಕೊಂಡು ತಂಗಿ ಆ ಚೀಟಿ ಹರಿದು ಹಾಕುತ್ತಾರೆ.

ಈ ಪದ ಆ ಭಾಷೆಯ ಮನೆಮಗಳೂ ಅಲ್ಲ. ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಇಂಗ್ಲಿಷರ ನಾಡಿಗೆ ಬಂದ ಉತ್ತರದ ಜನ ತಂದದ್ದು. “ಮನೇಲಿ ‘ನಿಮನ್’ ಅಂತ ಅದೇ ಅರ್ಥದ ಹಳೇ ಪದ ಒಂದಿತ್ತು. ಇದು ಬಂದು ಕೂತ್ಮೇಲೆ ಅದನ್ನ ಕೇಳೋರೇ ಇಲ್ಲ. ಅದಕ್ಕೂ ಒಂದು ಚೀಟಿ ಬರೆದಿದ್ದೀನಿ, ಪಾಪ.”

ಹೋದ ವಾರ ಮೇಲಿನಿಂದ ಕಾಗದ ಬಂತು. ನಿಘಂಟು ‘ಎಸ್’ ಅಕ್ಷರಕ್ಕೇ ಮುಗಿಯುತ್ತದೆ, ‘ಟಿ’ಯಿಂದ ಮುಂದಿನ ಸಂಪುಟ ಅಚ್ಚಾಗುವುದಿಲ್ಲ, ತಿಂಗಳೊಳಗೆ ಕೋಣೆ ಖಾಲಿಯಾಗಬೇಕು, ಚೀಟಿಗಳು ಗುಜರಿಗೆ. ನಿಘಂಟನ್ನು ಯಾರೂ ಕೊಳ್ಳುವುದಿಲ್ಲವಂತೆ! ಇಪ್ಪತ್ತಾರು ವರ್ಷದ ಕೆಲಸದ ಕೊನೆ ಇಷ್ಟು ಸಲೀಸು.

“ಅಳೂನೂ ಬರ್ಲಿಲ್ಲ. ಇನ್ನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ, ಹೇಳಿ?”

ಮೂರು ದಿನ ಅಕ್ಕನಿಂದ ಮುಚ್ಚಿಟ್ಟರು. ನಾಲ್ಕನೇ ಸಂಜೆ, ಚೀಟಿ ಓದುವ ಹೊತ್ತಿಗೆ, ಆ ಕಾಗದವನ್ನೇ ಓದಿದರು. ಮಿಷನ್ ನಿಂತಿತು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಅಷ್ಟಾದರೂ ಇವತ್ತು ಮೇಡಂ ನಾನೂರ ಹದಿಮೂರನೆಯದನ್ನು ಬರೆಯುತ್ತಿದ್ದಾರೆ. ಡಬ್ಬ ಮನೆಗೆ ಒಯ್ಯಲು ಅನುಮತಿ ಕೇಳಿದ್ದಾರೆ. ಅದು ಕಚೇರಿಯ ಆಸ್ತಿ, ಕೊಡಲಾಗದು ಎಂಬ ಉತ್ತರ ನಿನ್ನೆಯೇ ಬಂದಿದೆ. ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದು ಕೇಳಿದರೆ, ಡಬ್ಬದ ಮುಚ್ಚಳ ಸವರುತ್ತಾರೆ.

“ಇದರೊಳಗೆ ಅಕ್ಕನ ಮಿಷನ್ ನಿಲ್ಲಿಸಿದ ಚೀಟಿ ಒಂದೂ ಇಲ್ಲ. ಅಷ್ಟು ಬರ್ಕೊಳ್ಳಿ, ಸಾಕು.”