ಅಮ್ಮಣಕ್ಕನ ನಿಧಾನದ ಹಾಡು

ಕೊಕ್ಕಡದ ಗದ್ದೆಗಳಲ್ಲಿ ಅಮ್ಮಣಕ್ಕ ಹಾಡು ಎತ್ತದೆ ಭತ್ತದ ನೇಜಿ ನೆಡುವ ಕೆಲಸ ಶುರುವಾಗುತ್ತಿರಲಿಲ್ಲ. ಅರವತ್ತೆರಡನೇ ವಯಸ್ಸಿನ ಮಳೆಗಾಲಕ್ಕೆ ಆಕೆಯ ಎದೆ ತಾಳ ತಪ್ಪಿ ಓಡತೊಡಗಿತು; ಬಗ್ಗಿ ಎದ್ದರೆ ಕಣ್ಣು ಕತ್ತಲೆ.

ಬೆಳ್ತಂಗಡಿಯ ಡಾಕ್ಟರರು ನಾಡಿ ನೋಡಿ ಗುಳಿಗೆ ಕೊಟ್ಟರು. "ಇದು ಎದೆಯ ಓಟಕ್ಕೆ. ಆದರೆ ನಿಮಗೆ ರಕ್ತದೊತ್ತಡ ಕಡಿಮೆ ಉಂಟು. ಗಂಜಿಗೆ ಚೆನ್ನಾಗಿ ಉಪ್ಪು ಹಾಕಿ ಕುಡಿಯಿರಿ. ಬಗ್ಗಿದರೆ ಮೆಲ್ಲ ಏಳಿ."

"ನೇಜಿ ನೆಡಲಿಕ್ಕೆ ಹೋಗಬಹುದಾ?"

"ಮೆಲ್ಲ ಏಳ್ತೀರಾದರೆ ಹೋಗಿ."

ಹಾಡಿನ ಸಾಲು ಮುಗಿಯುವಾಗ ಹಾಡುವವಳ ಜೊತೆಗೇ ಎಲ್ಲರೂ ಎದ್ದು ಸೊಂಟ ನೇರ ಮಾಡುವುದು ಅಲ್ಲಿಯ ರೂಢಿ. ತಾನು ಏಳಲಾರದಿದ್ದರೆ ಹಾಡು ಪಕ್ಕದ ರಾಜೀವಿಯ ಪಾಲಾಗುತ್ತದೆಂದು ಅಮ್ಮಣಕ್ಕನಿಗೆ ದುಗುಡ. ದೇವರನ್ನು ನೆನೆದು ಗದ್ದೆಗಿಳಿದಳು. ಸಾಲಿನ ಕೊನೆಯ "ಓ" ಅನ್ನು ಉದ್ದಕ್ಕೆ ಎಳೆಯುತ್ತಾ, ಅದರೊಂದಿಗೆ ಇಷ್ಟಿಷ್ಟೇ ಎದ್ದಳು. ಅವಳನ್ನು ಮೀರಿ ಏಳುವಂತಿಲ್ಲವಲ್ಲ, ಹೆಂಗಸರೆಲ್ಲ ಮೆಲ್ಲ ಮೆಲ್ಲ ಎದ್ದರು.

"ಇದೆಂಥ ರಾಗ ಅಕ್ಕ, ಗಬ್ಬದ ಎಮ್ಮೆ ಎದ್ದ ಹಾಗೆ!" ಎಂದು ರಾಜೀವಿ ನಕ್ಕಳು.

ಸಂಜೆ ಅವಳೇ ಸೊಂಟ ಮುಟ್ಟಿಕೊಂಡು ಹೇಳಿದಳು: "ಇವತ್ತು ನೋವೇ ಇಲ್ಲ ಅಕ್ಕ. ನಾಳೆಯೂ ಎಮ್ಮೆಯ ರಾಗವನ್ನೇ ಹಾಡುವ."