ಜಠರ ತೆಗೆದ ಮೇಲಿನ ಊಟ

ನನ್ನ ಹೊಟ್ಟೆಯ ಮೇಲಿರುವುದು ನಾಲ್ಕೈದು ಸಣ್ಣ ತೂತಿನ ಗುರುತು, ಹೊಕ್ಕುಳ ಹತ್ತಿರ ಒಂದು ಗಿಡ್ಡ ಗೀರು. ಅಷ್ಟರಿಂದಲೇ ಕ್ಯಾನ್ಸರ್ ಹತ್ತಿದ್ದ ಇಡೀ ಜಠರವನ್ನು ಹೊರಗೆ ತೆಗೆದು, ಕರುಳನ್ನು ಮೇಲೆ ತಂದು ಅನ್ನನಾಳಕ್ಕೆ ಜೋಡಿಸಿದ್ದೇವೆ ಎಂದು ಹುಬ್ಬಳ್ಳಿಯ ಡಾಕ್ಟರು ಚಿತ್ರ ಬರೆದು ತೋರಿಸಿದರು. ತಲೆಯಾಡಿಸಿದೆ. ತಲೆಗೆ ಮಾತ್ರ ಏನೂ ಹೋಗಲಿಲ್ಲ. ಶಿರಸಿಗೆ ಬಂದ ಮೇಲೂ ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳುತ್ತಿದ್ದೆ. ಇಷ್ಟು ತೂತಿನಲ್ಲಿ ಅಷ್ಟು ದೊಡ್ಡದು ಹೇಗೆ ಬಂತು? ಬಂದದ್ದೇ ನಿಜವಾದರೆ ಒಳಗೆ ಈ ಗುಡುಗುಡು ಯಾರದು?

ಗುಡುಗುಡು ಇತ್ತು, ಹಸಿವೆ ಇರಲಿಲ್ಲ. ಸ್ವಲ್ಪ ಸ್ವಲ್ಪವೇ ಆಗಾಗ ಉಣ್ಣಬೇಕು, ತೂಕ ಇನ್ನೂ ಇಳಿದರೆ ಮುಂದಿನ ಕಿಮೋ ಕೊಡಲು ಆಗುವುದಿಲ್ಲ ಎಂದಿದ್ದರು. ಹಸಿವೆಯೇ ಆಗದೆ ಊಟ ನೆನಪಾಗುವುದಾದರೂ ಹೇಗೆ? ಅದೂ ಎಲ್ಲರಿಗಿಂತ ಮೊದಲು! ಮದುವೆಯಾಗಿ ಬಂದಾಗಿನಿಂದ ಎಲ್ಲರೂ ಕೈತೊಳೆದ ಮೇಲೆ ಕೂತವಳು ನಾನು.

ಮಾವನ ಶ್ರಾದ್ಧದ ದಿನ ಗಂಡ ಬೆಳಿಗ್ಗೆಯೇ ಹೇಳಿದರು, "ಒಂಚೂರು ಅವಲಕ್ಕಿ ತಿನ್ನೆ ಮಾರಾಯ್ತಿ, ಹುಷಾರಿಲ್ದವಕ್ಕೆ ಎಂತ ದೋಷನೂ ಇಲ್ಲೆ."

ಸಿಟ್ಟು ಬಂತು. ತಿಂದರೆ ಮಡಿಯ ಅಡುಗೆಗೆ ಕೈಹಾಕುವ ಹಾಗಿಲ್ಲ. ಅತ್ತೆಯೊಬ್ಬರಿಂದ ಅಷ್ಟೆಲ್ಲ ಆಗುತ್ತದೆಯೇ? "ಆಮೇಲೆ ತಿಂತೆ" ಅಂದೆ. ವಡೆ ಕರಿಯುವ ಹೊತ್ತಿಗೆ ಮರೆತೇ ಹೋಯಿತು. ಹೊರಗೆ ಭಟ್ಟರ ಮಂತ್ರ ಮುಗಿಯುವ ಲಕ್ಷಣವೇ ಇರಲಿಲ್ಲ.

ಕಣ್ಣಿಗೆ ಕತ್ತಲೆ ಬಂದು ಗೋಡೆಗೆ ಒರಗಿ ಕುಸಿದು ಕೂತೆ.

"ಬೆಳಗಿಂದ ಎಂತಾರೂ ತಿಂದಿದ್ಯನೆ?" ಅತ್ತೆ ಕೇಳಿದರು.

"ಇಲ್ಲೆ ಅತ್ತೆ. ಹಸಿವೇ ಆಗ್ತಿಲ್ಲೆ. ಎಂಗೆ ಎಂತದೂ ತಿಳೀತೇ ಇಲ್ಲೆ" ಎನ್ನುತ್ತ ಅತ್ತುಬಿಟ್ಟೆ. ನಿಜಕ್ಕೂ ಹೆದರಿಕೆಯಾಗಿತ್ತು.

ಅತ್ತೆ ಬಾಳೆಲೆಯ ತುಂಡೊಂದನ್ನು ನನ್ನೆದುರು ಹಾಕಿದರು. ಎಡೆಗೆಂದು ಇಳಿಸಿಟ್ಟಿದ್ದ, ಎಡೆ ಇಡುವವರೆಗೆ ಯಾರೂ ಉಣ್ಣಬಾರದ ಅನ್ನದ ಪಾತ್ರೆಗೇ ಸೌಟು ಹಾಕಿ ಬಡಿಸಿದರು. ಮೇಲೆ ತುಪ್ಪ ಬಿಟ್ಟು ಕಲಸಿದರು.

"ಅಯ್ಯೋ, ಅದು ಮಾವಂಗೆ ಇಟ್ಟಿದ್ದು!"

"ಗೊತ್ತಿದ್ದು, ಸುಮ್ನಿರು. ಅವ್ರು ಉಂಡು ಎದ್ದ ಮೇಲೇ ಆನು ಉಂಡಿದ್ದು, ಜೀವಮಾನ ಇಡೀ. ಇವತ್ತೊಂದಿನ ಅವ್ರು ಕಾಯ್ಲಿ."

ಕೇಳಿದ್ದು ಹೌದೋ ಅಲ್ಲವೋ ತಿಳಿಯದೆ ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದೆ. ಅತ್ತೆ ಆ ಬಾಯಿಗೇ ತುತ್ತು ಇಟ್ಟರು, ಮಡಿಯ ಕೈಯಲ್ಲೇ.